ಕೊಳೆರೋಗ ನಮ್ಮ ಪಾಠದಲ್ಲಿ ಏಕಿಲ್ಲ? ಡಿಡಿಪಿಐ ಅವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಉಪನಿರ್ದೇಶಕರು,
ಶಾಲಾ ಶಿಕ್ಷಣ ಇಲಾಖೆ, ದಕ್ಷಿಣ ಕನ್ನಡ, ಮಂಗಳೂರು

ಮಾನ್ಯರೇ,

ನಮಸ್ಕಾರ. ನಾನು ಈ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯ ಸಿಬಿಝೆಡ್ (ರಸಾಯನ, ಸಸ್ಯ, ಪ್ರಾಣಿ ವಿಜ್ಞಾನ) ಶಿಕ್ಷಕ. ಅನುದಾನ ಕೇಳಲು ಬರೆಯುತ್ತಿಲ್ಲ. ಸ್ಮಾರ್ಟ್ ಬೋರ್ಡ್ ಕೂಡ ಬೇಡ. ನನಗೆ ಬೇಕಿರುವುದು ಸ್ವಲ್ಪ ಸಮಯ, ಮತ್ತೆ ನಿಮ್ಮ ಸಹಿ ಇರುವ ಒಂದೆರಡು ಪತ್ರ.

8ನೇ ತರಗತಿಗೆ ನಾವು ಕಲಿಸಿಕೊಂಡು ಬಂದ ಸೂಕ್ಷ್ಮಜೀವಿಗಳ ಪಾಠದಲ್ಲಿ ಗಿಡಗಳಿಗೆ ಬರುವ ರೋಗಗಳ ಪಟ್ಟಿಯಿದೆ. ಅದರಲ್ಲಿ ಗೋಧಿಯ ತುಕ್ಕು ರೋಗ ಇದೆ. ಗೋಧಿ ಹೊಲವನ್ನೇ ಕಾಣದ ನಮ್ಮ ಮಕ್ಕಳು ಅದನ್ನು ಬಾಯಿಪಾಠ ಮಾಡಿ ಅಂಕ ತೆಗೆಯುತ್ತಾರೆ. ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಅಡಿಕೆಯ ಕೊಳೆರೋಗದ ಹೆಸರೇ ಇಲ್ಲ. ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆಯ ಮಕ್ಕಳ ಮನೆಗಳಲ್ಲಿ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಬೇರೆ ಮಾತೇ ಇರುವುದಿಲ್ಲ. ಮಳೆ ಒಂದು ದಿನ ಬಿಟ್ಟರೆ ಸಾಕು, ಮದ್ದು ಬಿಡುವವರಿಗೆ (ಸಿಂಪಡಿಸುವವರಿಗೆ) ಫೋನ್ ಮೇಲೆ ಫೋನ್.

ಈ ರೋಗಕ್ಕೆ ನೂರು ವರ್ಷ ದಾಟಿದ ಒಂದು ಒಳ್ಳೆಯ ದಾಖಲೆ ಇದೆ. ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆ ಸೇರಿದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಬಗ್ಗೆಯೇ ಒಂದು ಬುಲೆಟಿನ್ ಪ್ರಕಟಿಸಿದರು. ರೋಗಕ್ಕೆ ಕಾರಣ ಫೈಟಾಫ್ತೊರ ಎಂಬ ಜೀವಿ ಎಂದು ಗುರುತಿಸಿದರು. ಬೋರ್ಡೋ ದ್ರಾವಣ ಸಿಂಪಡಿಸಲು ಬೆಳೆಗಾರರನ್ನು ಒಪ್ಪಿಸಲು ದುಡಿದರು. ಅದಕ್ಕೂ ಮೊದಲು ಮಲೆನಾಡಿನವರು ಗೊನೆಗಳಿಗೆ ಹುಲ್ಲಿನ ಕೊಟ್ಟೆ (ಹೊದಿಕೆ) ಕಟ್ಟುತ್ತಿದ್ದರು.

ಕೊಟ್ಟೆ ಕಟ್ಟಿದರೆ ರೋಗ ಏಕೆ ಕಮ್ಮಿಯಾಗುತ್ತದೆ? ಮಕ್ಕಳಿಗೆ ಈ ಪ್ರಶ್ನೆ ಹಾಕಿ ಸುಮ್ನೆ ನಿಂತರೆ ಸಾಕು, ಅರ್ಧ ಪಾಠ ಅವರೇ ಮಾಡುತ್ತಾರೆ. ಫೈಟಾಫ್ತೊರದ ಬೀಜಾಣುಗಳು ನೀರಿನ ತೆಳು ಪದರದಲ್ಲಿ ಈಜಿ ಕಾಯಿಗೆ ತಲುಪುತ್ತವೆ. ಗೊನೆ ಒಣಗಿದ್ದರೆ ಅವಕ್ಕೆ ದಾರಿಯಿಲ್ಲ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ಕೊಳೆಸಿ ಕ್ಷಾಮ ತಂದದ್ದು ಇದೇ ಕುಲದ ಇನ್ನೊಂದು ಜೀವಿ. ಅಲ್ಲಿಂದ ಮುಂದಿನದನ್ನು ಸಮಾಜ ವಿಜ್ಞಾನದ ಟೀಚರ್ ಹೇಳಲಿ. ಕೋಲ್ಮನ್ ಕಾಲದಲ್ಲಿ ಇದನ್ನು ಶಿಲೀಂಧ್ರ ಎಂದೇ ಎಣಿಸಿದ್ದರು. ಈಗ ಆ ಗುಂಪಿನಿಂದ ಹೊರಗಿಟ್ಟಿದ್ದಾರೆ. ವಿಜ್ಞಾನ ತನ್ನ ಮಾತನ್ನು ತಿದ್ದಿಕೊಳ್ಳುತ್ತದೆ ಎಂದು ಬಾಯಲ್ಲಿ ಹೇಳುವುದಕ್ಕಿಂತ, ಹಳೆಯ ಪುಟ ಒಂದನ್ನು ತೋರಿಸುವುದು ಜಾಸ್ತಿ ನಾಟುತ್ತದೆ.

ಇನ್ನು ರಸಾಯನ ವಿಜ್ಞಾನ. ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಹದ ಸರಿಯಾಗಿದೆಯೇ ಎಂದು ಹೇಗೆ ನೋಡುತ್ತೀರಿ ಎಂದು ಕೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಹೇಳಿದ: "ಕತ್ತಿ ಅದ್ದಿ ನೋಡುವುದು ಸರ್. ಕೆಂಪಾದರೆ ಸುಣ್ಣ ಸಾಲದು." 10ನೇ ತರಗತಿಯ ಮೊದಲ ಪಾಠದಲ್ಲಿ ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟಿನಲ್ಲಿ ಅದ್ದುವ ಪ್ರಯೋಗ ಇದೆಯಲ್ವಾ, ಅದೇ ಇದು! ಆ ಹುಡುಗ ಕಿರುಪರೀಕ್ಷೆಯಲ್ಲಿ ಸ್ಥಾನಪಲ್ಲಟ ಕ್ರಿಯೆಯ ಪ್ರಶ್ನೆಯನ್ನು ಖಾಲಿ ಬಿಟ್ಟಿದ್ದ.

ಇಂಥ ದಾಖಲೆಗಳಿಗೆ ಕೊರತೆಯಿಲ್ಲ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್‌ನಲ್ಲಿ 2019ರಲ್ಲಿ ಶುರುವಾದ ವಿಜ್ಞಾನ ಆರ್ಕೈವ್ಸ್ ಸಾರ್ವಜನಿಕರಿಗೆ ತೆರೆದಿದೆ. ವಿಜ್ಞಾನಿಗಳ ಪತ್ರ, ಟಿಪ್ಪಣಿ, ಫೋಟೊ ಅಲ್ಲಿವೆ. ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಲ್ಲಿ ಹಳೆಯ ಜೀವವಿಜ್ಞಾನದ ಗ್ರಂಥಗಳನ್ನು ದುಡ್ಡು ಕೊಡದೆ ಓದಬಹುದು. 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಬಂದ, ಮಲಬಾರಿನ ಗಿಡಮರಗಳ ಗ್ರಂಥ 'ಹೋರ್ಟಸ್ ಮಲಬಾರಿಕಸ್' ಅನ್ನೇ ತೆಗೆದುಕೊಳ್ಳಿ. ಮೊದಲ ಸಂಪುಟದಲ್ಲೇ ಅಡಿಕೆ ಮರದ ಚಿತ್ರ ಇದೆ. ಆ ಗ್ರಂಥಕ್ಕೆ ನೆರವಾದ ಮೂವರು ಕೊಂಕಣಿ ವೈದ್ಯರು ತಮ್ಮ ಭಾಷೆಯಲ್ಲೇ ಬರೆದ ಪ್ರಮಾಣಪತ್ರವೂ ಇದೆ. ಮನೆಯಲ್ಲಿ ಕೊಂಕಣಿ ಮಾತನಾಡುವ ಮಕ್ಕಳು ನಮ್ಮ ಶಾಲೆಗಳಲ್ಲಿ ಎಷ್ಟು ಮಂದಿ ಇದ್ದಾರೆ! ದೂರ ಹೋಗುವುದೂ ಬೇಡ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನಲ್ಲಿ ಬಾಸೆಲ್ ಮಿಷನ್ ಕಾಲದ ದಾಖಲೆಗಳಿವೆ, ವಿಟ್ಲದಲ್ಲಿ ತೋಟದ ಬೆಳೆಗಳ ಸಂಶೋಧನೆ ಮಾಡುವ ಸಿಪಿಸಿಆರ್‌ಐ ಕೇಂದ್ರ ಇದೆ.

ಹಾಗಾದರೆ ನೀವೇ ಮಾಡಿ ಅನ್ನಬಹುದು. ಒಬ್ಬನೇ ಕೂತು ಮಾಡುವ ಕೆಲಸ ಅಲ್ಲ ಇದು. ಕೋಲ್ಮನ್ ಬರೆದದ್ದು ಇಂಗ್ಲಿಷಿನಲ್ಲಿ. ಅದರಿಂದ ಎರಡು ಪುಟ ಆರಿಸಿ, ಮಕ್ಕಳಿಗೆ ತಿಳಿಯುವ ಕನ್ನಡಕ್ಕೆ ತಂದು, ಪ್ರಶ್ನೆ ಕಟ್ಟಬೇಕು. ಅದಕ್ಕೆ ಕನ್ನಡ ಪಂಡಿತರು, ಸಮಾಜ ವಿಜ್ಞಾನದವರು, ನಾವು ಒಟ್ಟಿಗೆ ಕೂರಬೇಕು. ನಾವು ಒಟ್ಟಿಗೆ ಕೂರುವುದು ಮೌಲ್ಯಮಾಪನದ ಊಟದ ಹೊತ್ತಿಗೆ ಮಾತ್ರ.

ಆದ್ದರಿಂದ ಬೇಡಿಕೆ ಇಷ್ಟೇ. ವಿಷಯವಾರು ತರಬೇತಿಗಳಲ್ಲಿ ಎರಡು ದಿನವನ್ನಾದರೂ ಮೂರೂ ವಿಷಯದವರಿಗೆ ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ ಒಟ್ಟಿಗೆ ಕೊಡಿ. ಪಿಪಿಟಿ ನೋಡುವುದಕ್ಕಲ್ಲ, ಒಂದು ಪಾಠ ಕಟ್ಟಿ ಮುಗಿಸುವುದಕ್ಕೆ. ವಿಟ್ಲಕ್ಕೂ ಬಲ್ಮಠಕ್ಕೂ ಇಲಾಖೆಯಿಂದ ಒಂದು ಪತ್ರ ಬರೆಯಿರಿ. ಶಿಕ್ಷಕ ಒಬ್ಬನೇ ಹೋಗಿ ಕೇಳುವುದಕ್ಕೂ ನಿಮ್ಮ ಪತ್ರ ಹಿಡಿದು ಹೋಗುವುದಕ್ಕೂ ವ್ಯತ್ಯಾಸ ಇದೆ. ಹೋದ ದಿನಕ್ಕೆ ಓಓಡಿ (ಕರ್ತವ್ಯದ ಮೇಲಿದ್ದಂತೆ ಹಾಜರಿ) ಕೊಡಿ. ದಯವಿಟ್ಟು ಇದಕ್ಕೊಂದು ಆ್ಯಪ್ ಮಾಡಿ ದಿನಾ ಫೋಟೊ ಅಪ್‌ಲೋಡ್ ಮಾಡಿ ಎನ್ನಬೇಡಿ, ಇರುವ ಆ್ಯಪ್‌ಗಳೇ ಸಾಕಾಗಿವೆ.

ಫಲಿತಾಂಶ ಬೀಳುತ್ತದೆ ಎಂಬ ಹೆದರಿಕೆ ಬೇಡ. ಎಸ್‌ಎಸ್‌ಎಲ್‌ಸಿಯಲ್ಲಿ 2024ರಲ್ಲಿ ಉಡುಪಿ ಮೊದಲು, ನಾವು ಎರಡನೆಯವರು. 2025ರಲ್ಲಿ ಅದಲುಬದಲು. ರಾಜ್ಯದಲ್ಲಿ ಇಂಥದ್ದನ್ನು ಧೈರ್ಯವಾಗಿ ಮಾಡಿ ನೋಡಬಹುದಾದ ಜಿಲ್ಲೆ ಯಾವುದಾದರೂ ಇದ್ದರೆ ಅದು ನಮ್ಮದೇ.

ಮಳೆ ಹಿಡಿಯುವ ಮೊದಲು ತೋಟಗಳಲ್ಲಿ ಮೊದಲ ಮದ್ದು ಬಿಡುತ್ತಾರೆ. ಸುತ್ತೋಲೆ ಮೇ ಕೊನೆಗೆ ಬಂದರೆ ಜೂನ್‌ನಲ್ಲೇ ಪಾಠ ಶುರು ಮಾಡಬಹುದು. ಆಗಸ್ಟ್‌ಗೆ ಬಂದರೆ ಮುಂದಿನ ವರ್ಷಕ್ಕೇ ಹೋಯಿತು.

ಇಂತಿ ವಿಶ್ವಾಸದ,
ಒಬ್ಬ ಸಿಬಿಝೆಡ್ ಶಿಕ್ಷಕ