ಬಿಗುವು ಹುಟ್ಟುವುದು ಕಚೇರಿಯ ಮೇಜಿನ ಮುಂದೆ

ಮಾನ್ಯ ಸಂಪಾದಕರೆ,

ಗೂಢಚಾರರ ಧಾರಾವಾಹಿ ಎಂದೊಡನೆ ಕಾರುಗಳ ಬೆನ್ನಟ್ಟುವಿಕೆ, ಪಿಸ್ತೂಲು, ಸ್ಫೋಟಗಳನ್ನೇ ನಿರೀಕ್ಷಿಸುವ ಅಭ್ಯಾಸ ವೀಕ್ಷಕರಲ್ಲಿ ಬಲವಾಗಿ ಬೇರೂರಿದೆ. ವಿಮರ್ಶೆಗಳೂ ಹೆಚ್ಚಾಗಿ ಅದೇ ಅಳತೆಗೋಲನ್ನು ಹಿಡಿಯುತ್ತವೆ. ಬ್ರಿಟನ್ನಿನ ಯಾರ್ಕ್‌ಷೈರ್ ಟೆಲಿವಿಷನ್ ತಯಾರಿಸಿದ, 1978ರಿಂದ 1980ರವರೆಗೆ ಒಟ್ಟು 20 ಕಂತುಗಳಲ್ಲಿ ಪ್ರಸಾರವಾದ ‘ದಿ ಸ್ಯಾಂಡ್‌ಬ್ಯಾಗರ್ಸ್’ ಈ ಅಳತೆಗೆ ಸಿಗುವ ಧಾರಾವಾಹಿಯಲ್ಲ. ಅದರ ಮೊದಲ ಸರಣಿಯ ಕೊನೆಯ ಕಂತಾದ ‘ಸ್ಪೆಷಲ್ ರಿಲೇಷನ್‌ಶಿಪ್’ ಕುರಿತು ನಾಲ್ಕು ಮಾತು ಬರೆಯಬೇಕೆನಿಸಿದೆ. ಅದರ ಅಂತ್ಯವನ್ನು ಹೇಳದೆ ಅದರ ಹೆಚ್ಚುಗಾರಿಕೆಯನ್ನು ವಿವರಿಸಲು ಸಾಧ್ಯವಿಲ್ಲವಾದ್ದರಿಂದ, ಕಂತನ್ನು ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸಿದರೂ ಬೇಸರವಿಲ್ಲ.

ಬ್ರಿಟಿಷ್ ಗುಪ್ತಚರ ಸಂಸ್ಥೆಯಲ್ಲಿ ಕಾರ್ಯಾಚರಣೆಗಳ ನಿರ್ದೇಶಕನಾದ ನೀಲ್ ಬರ್ನ್‌ಸೈಡ್, ತನ್ನ ಕೈಕೆಳಗಿನ ಲಾರಾ ಡಿಕನ್ಸ್ ಎಂಬಾಕೆಯನ್ನು ಪ್ರೀತಿಸುತ್ತಿದ್ದಾನೆ. ಆಗ ಕಮ್ಯುನಿಸ್ಟರ ಆಡಳಿತದಲ್ಲಿದ್ದ ಪೂರ್ವ ಬರ್ಲಿನ್ನಿನಲ್ಲಿ ಆಕೆ ಸಿಕ್ಕಿಬೀಳುತ್ತಾಳೆ. ಫ್ರೆಂಚರ ವಶದಲ್ಲಿರುವ ಕೈದಿಯೊಬ್ಬನನ್ನು ಬದಲಿಗೆ ಕೊಟ್ಟರೆ ಅವಳನ್ನು ಬಿಡಿಸಿಕೊಳ್ಳಬಹುದು, ಆದರೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಬ್ರಿಟನ್ನಿಗೆ ಕೊಡುವ ಗುಪ್ತ ಮಾಹಿತಿಯಲ್ಲಿ ಫ್ರೆಂಚರು ಪಾಲು ಕೇಳುತ್ತಾರೆ. ಅದು ಅಮೆರಿಕನ್ನರಿಗೆ ತಿಳಿದರೆ ಆ ಮಾಹಿತಿಯ ಹರಿವೇ ನಿಂತುಹೋಗುತ್ತದೆ. ಹಣಕ್ಕೂ ಜನಬಲಕ್ಕೂ ಸದಾ ಕೊರತೆಯಿರುವ ತನ್ನ ಸಂಸ್ಥೆ ಆ ಸಂಬಂಧವೊಂದರ ಮೇಲೆಯೇ ನಿಂತಿದೆ ಎಂಬುದನ್ನು ಬರ್ನ್‌ಸೈಡ್‌ನಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇಲ್ಲ.

ಕಂತಿನ ಬಿಗುವೆಲ್ಲ ಇರುವುದು ಇಲ್ಲಿಯೇ. ನಾವು ನೋಡುವುದು ಬಹುತೇಕ ಕಚೇರಿಯ ಕೋಣೆಗಳನ್ನು, ದೂರವಾಣಿಗಳನ್ನು, ಮೇಜಿನ ಎರಡು ಬದಿಗೆ ಕುಳಿತು ತಗ್ಗಿದ ದನಿಯಲ್ಲಿ ಮಾತನಾಡುವ ಗಂಡಸರನ್ನು. ವೀಕ್ಷಕನಿಗೆ ಎಲ್ಲಿ ಹೆದರಬೇಕೆಂದು ಹೇಳಿಕೊಡುವ ಹಿನ್ನೆಲೆ ಸಂಗೀತ ಈ ಧಾರಾವಾಹಿಯಲ್ಲಿ ಇಲ್ಲವೆಂದೇ ಹೇಳಬೇಕು. ರಾಯ್ ಬಡ್ ಅವರ ಶೀರ್ಷಿಕೆ ಸಂಗೀತ ಮುಗಿದ ಮೇಲೆ ಕಿವಿಗೆ ಬೀಳುವುದು ಮಾತು ಮತ್ತು ಮಾತಿನ ನಡುವಿನ ಬಿಡುವು ಮಾತ್ರ. ಅಡ್ಡಗಾಲು ಹಾಕಲು ಖಳನಾಯಕನೂ ಇಲ್ಲ. ವಿದೇಶಾಂಗ ಕಚೇರಿಯ ಹಿರಿಯ ಅಧಿಕಾರಿ ವೆಲಿಂಗ್‌ಹ್ಯಾಮ್ ಬರ್ನ್‌ಸೈಡ್‌ನ ಮಾಜಿ ಮಾವ, ಸಿಐಎಯ ಲಂಡನ್ ಮುಖ್ಯಸ್ಥ ಜೆಫ್ ರಾಸ್ ಅವನ ಸ್ನೇಹಿತ. ಎಲ್ಲರ ನಿಲುವಿಗೂ ನ್ಯಾಯವಾದ ಕಾರಣವಿದೆ, ಹಾಗಾಗಿಯೇ ಅವನಿಗೆ ಪಾರಾಗುವ ದಾರಿ ಕಾಣುವುದಿಲ್ಲ.

ಬರ್ನ್‌ಸೈಡ್ ಪಾತ್ರದಲ್ಲಿ ರಾಯ್ ಮಾರ್ಸ್‌ಡೆನ್ ಅವರ ಅಭಿನಯವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಇತರರ ತಪ್ಪಿಗೆ ಒಡನೆಯೇ ಸಿಡಿದೇಳುವ, ಮೇಲಧಿಕಾರಿಗಳಿಗೂ ಹೆದರದ ಬರ್ನ್‌ಸೈಡ್ ತನ್ನ ಸ್ವಂತ ಸಂಕಟ ಎದುರಾದಾಗ ಅದನ್ನು ಬಾಯಿಬಿಟ್ಟು ಹೇಳಲಾರ. ದುಃಖವನ್ನು ತೋರಿಸದೆ, ಅದನ್ನು ಅದುಮಿಡುವ ಶ್ರಮವನ್ನಷ್ಟೇ ಮಾರ್ಸ್‌ಡೆನ್ ತೋರಿಸುತ್ತಾರೆ. ಕೊನೆಗೆ ವಿನಿಮಯ ನಡೆಯುತ್ತದೆ. ಗಡಿಯ ಆಚೆಯಿಂದ ಲಾರಾ ನಡೆದು ಬರುತ್ತಾಳೆ, ಬಿಡುಗಡೆಯಾಯಿತೆಂಬ ನಂಬಿಕೆಯಿಂದಲೇ ಬರುತ್ತಾಳೆ. ಅಷ್ಟರಲ್ಲಿ ಗುಂಡು ತಗುಲಿ ಬೀಳುತ್ತಾಳೆ. ಅದು ಅಮೆರಿಕನ್ನರೊಂದಿಗಿನ ಸಂಬಂಧವನ್ನು ಉಳಿಸಿಕೊಳ್ಳಲು ಬರ್ನ್‌ಸೈಡ್ ತಾನೇ ಮಾಡಿಸಿದ ಏರ್ಪಾಡು. ತಿಳಿದ ಮೇಲೆ ಕಂತನ್ನು ಮತ್ತೆ ನೋಡಿದರೆ ಬಿಗುವು ಕಡಿಮೆಯಾಗುವ ಬದಲು ಹೆಚ್ಚುತ್ತದೆ, ಏಕೆಂದರೆ ಈ ಸಲ ಅವನು ಆ ತೀರ್ಮಾನದತ್ತ ಇಡುವ ಒಂದೊಂದು ಹೆಜ್ಜೆಯೂ ನಮ್ಮ ಕಣ್ಣಿಗೆ ಬೀಳುತ್ತದೆ.

ಕೊರತೆಯೊಂದನ್ನು ಹೇಳಲೇಬೇಕು. ಲಾರಾಳ ಪಾತ್ರವನ್ನು ಡಯೇನ್ ಕೀನ್ ಚೆನ್ನಾಗಿ ನಿಭಾಯಿಸಿದ್ದರೂ ಆಕೆ ಧಾರಾವಾಹಿಯಲ್ಲಿ ಇರುವುದು ಕೆಲವೇ ಕಂತುಗಳಲ್ಲಿ, ಇಬ್ಬರ ಪ್ರೀತಿ ಬೆಳೆಯುವುದು ಅವಸರದಲ್ಲಿ. ಆಕೆಯ ಜೀವದ ಬಗ್ಗೆ ಎಲ್ಲರೂ ಮಾತನಾಡುತ್ತಾರೆ, ಆಕೆಯ ಮಾತನ್ನು ಕೇಳುವವರಿಲ್ಲ. ಇದು ಕಥೆಯ ಕ್ರೌರ್ಯಕ್ಕೆ ಹೊಂದುತ್ತದೆ ಎಂದು ವಾದಿಸಬಹುದಾದರೂ, ಇನ್ನೆರಡು ಕಂತುಗಳ ಅವಕಾಶ ಸಿಕ್ಕಿದ್ದರೆ ಆ ಸಾವು ಮತ್ತಷ್ಟು ಭಾರವಾಗುತ್ತಿತ್ತು ಎಂಬುದು ನನ್ನ ಅನಿಸಿಕೆ.

ಧಾರಾವಾಹಿಯ ಕರ್ತೃ ಇಯಾನ್ ಮ್ಯಾಕಿಂಟಾಷ್ ನೌಕಾಪಡೆಯಲ್ಲಿ ಅಧಿಕಾರಿಯಾಗಿದ್ದವರು. 1979ರ ಜುಲೈನಲ್ಲಿ ಅಲಾಸ್ಕಾ ಸಮುದ್ರದ ಮೇಲೆ ಅವರಿದ್ದ ಪುಟ್ಟ ವಿಮಾನ ಕಣ್ಮರೆಯಾಯಿತು. ಮೂರನೆಯ ಸರಣಿಯ ಕೆಲವು ಕಂತುಗಳನ್ನು ಬೇರೆಯವರು ಬರೆಯಬೇಕಾಯಿತು. ಆ ಕಂತುಗಳಲ್ಲಿ ಮ್ಯಾಕಿಂಟಾಷ್ ಅವರ ಸಂಭಾಷಣೆಯ ಹದ ಕಾಣದು.

ನಿಮ್ಮ ಪತ್ರಿಕೆಯ ಸಾಂಸ್ಕೃತಿಕ ಪುಟದಲ್ಲಿ ಹೊಸ ಧಾರಾವಾಹಿಗಳ ಪರಿಚಯದ ಜೊತೆಗೆ ಇಂಥ ಹಳೆಯ ಕೃತಿಗಳ ಒಂದೊಂದೇ ಕಂತನ್ನು ಆರಿಸಿಕೊಂಡು, ಕಥಾಸಾರಕ್ಕೆ ನಿಲ್ಲದೆ, ಅದರ ಬರವಣಿಗೆ ಮತ್ತು ಅಭಿನಯವನ್ನು ವಿವರವಾಗಿ ಪರಿಶೀಲಿಸುವ ಲೇಖನಗಳಿಗೂ ಜಾಗ ಕೊಡಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಓದುಗ