ಎಣಿಕೆ ಸರಿಯಾಗಿತ್ತು, ಹುಡುಗ ಇರಲಿಲ್ಲ

ಶಿರಸಿ

ಪ್ರೀತಿಯ ಕೂಸೇ,

ನಿನ್ನ ಪತ್ರ ನಿನ್ನೆ ಸಂಜೆ ಓದಿದೆ, ರಾತ್ರಿ ಮತ್ತೆ ತೆಗೆದು ಓದಿದೆ. ನಿನ್ನ ಶಾಲೆಯ 22 ಮಕ್ಕಳನ್ನು ಸಿಂಗಾಪುರ ಪ್ರವಾಸಕ್ಕೆ ಕರೆದುಕೊಂಡು ಹೋಗಲು ಟಿಕೆಟ್ಟು, ವೀಸಾ, ಹೋಟೆಲು ಎಲ್ಲ ಆಯಿತು ಅಂತ ಬರೆದಿದ್ದೀಯ. ಅಂಥ ಕೆಲಸದಲ್ಲಿ ನೀನು ಎಡವುವವಳಲ್ಲ, ಅದನ್ನು ಬಿಡು. ಕೊನೆಯಲ್ಲಿ ಸುಮ್ನೆ ಎನ್ನುವ ಹಾಗೆ ಎರಡು ಸಾಲು ಸೇರಿಸಿದ್ದೀಯಲ್ಲ, ಅದು ನನ್ನನ್ನು ಮಲಗಲು ಬಿಡಲಿಲ್ಲ. ‘ಕನಸಿನಲ್ಲಿ ಮಕ್ಕಳನ್ನು ಎಣಿಸುತ್ತೇನೆ ಅತ್ತೆ, ಎಷ್ಟು ಸಲ ಎಣಿಸಿದರೂ 21. ಒಂದು ಮಗು ಕಡಿಮೆ. ಪ್ರಿನ್ಸಿಪಾಲರಿಗೆ ಹೇಳಿ ನನ್ನ ಬದಲು ಬೇರೆಯವರನ್ನು ಕಳಿಸಿ ಅನ್ನಲಾ?’

ಈ ಹೆದರಿಕೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. 2024ರ ಡಿಸೆಂಬರಿನಲ್ಲಿ ಮುಳಬಾಗಿಲಿನಿಂದ ಪ್ರವಾಸಕ್ಕೆ ಬಂದ ನಾಲ್ಕು ಹೆಣ್ಣುಮಕ್ಕಳು ಮುರುಡೇಶ್ವರದಲ್ಲಿ ನೀರುಪಾಲಾದರಲ್ಲ, ಅವತ್ತು ನೀನು ಕಾರವಾರದಿಂದ ಫೋನ್ ಮಾಡಿ ಏನೂ ಮಾತಾಡದೆ ಅಳುತ್ತಿದ್ದೆ. ನಮ್ಮದೇ ಸಮುದ್ರ ಅದು. ನೀನು ಬೆಳಿಗ್ಗೆ ಎದ್ದು ನೋಡುವ ನೀರು. ಆ ತಾಯಂದಿರ ಮುಖ ಟೀವಿಯಲ್ಲಿ ನೋಡಿದ ಯಾವ ಟೀಚರಿಗೂ ನಿದ್ದೆ ಬಂದಿರಲಿಕ್ಕಿಲ್ಲ.

ನನ್ನದೂ ಒಂದು ಇದೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ, ನಿನ್ನ ಮಾವನಿಗೂ. ಈಗ ನಿನಗೆ ಬರೆಯುತ್ತೇನೆ.

1991ರ ಡಿಸೆಂಬರ್. ನಮ್ಮ ಶಾಲೆಯಿಂದ ಯಾಣಕ್ಕೆ ಹೋಗಿದ್ದೆವು, 34 ಮಕ್ಕಳು, ಇಬ್ಬರು ಶಿಕ್ಷಕರು, ಅಡುಗೆಗೆ ಒಬ್ಬರು. ಗಾಡಿಯನ್ನು ದೂರದಲ್ಲೇ ಬಿಟ್ಟು ಕಾಡಿನಲ್ಲಿ ನಡೆದೇ ಹೋಗಬೇಕಿತ್ತು. ಆ ಕಪ್ಪು ಬಂಡೆಗಳನ್ನು ತಲೆಯೆತ್ತಿ ನೋಡಿದ ಮಕ್ಕಳು ಮಾತೇ ಮರೆತಿದ್ದರು. ಭೈರವೇಶ್ವರ ಶಿಖರ 120 ಮೀಟರು ಅಂತ ನಾನು ಪಾಠ ಹೇಳುತ್ತಿದ್ದೆ, ಯಾರೂ ಕೇಳಿಸಿಕೊಳ್ಳಲಿಲ್ಲ. ವಾಪಸು ಬಂದಾಗ ಕತ್ತಲಾಗುತ್ತಿತ್ತು. ಬಾಗಿಲಲ್ಲಿ ನಿಂತು ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿದೆ. 34. ಸರಿ ಅಂದೆ, ಗಾಡಿ ಹೊರಟಿತು.

ಸ್ವಲ್ಪ ದೂರ ಬಂದ ಮೇಲೆ ಒಂದು ಹುಡುಗಿ, ಟೀಚರ್, ನಮ್ಮ ಕ್ಲಾಸಿನ ಇವನು ಎಲ್ಲಿ ಅಂತ ಕೇಳಿದಳು. ಇರಲಿಲ್ಲ. ಅಡುಗೆಯವರ ಮಗ ಬೆಳಿಗ್ಗೆ ಮುಂದೆ ಡ್ರೈವರ್ ಪಕ್ಕ ಕೂತು ಬಂದಿದ್ದ, ಸಂಜೆ ಮಕ್ಕಳ ಜೊತೆ ಹಿಂದೆ ಹತ್ತಿದ್ದ. ಅವನ ತಲೆಯನ್ನೂ ನಾನು ಎಣಿಸಿದ್ದೆ.

ಟಾರ್ಚ್ ಹಿಡಿದು ಕಾಡಿನೊಳಗೆ ಓಡಿದ ಆ ದಾರಿ ಈಗಲೂ ಕಾಲಿಗೆ ಗೊತ್ತು. ಹುಡುಗ ದೇವಸ್ಥಾನದ ಮೆಟ್ಟಿಲ ಮೇಲೆ ಕೂತಿದ್ದ, ಮಡಿಲಲ್ಲಿ ನನ್ನ ಕೈಚೀಲ. ನಾನೇ ಗುಹೆಯ ಹತ್ತಿರ ಮರೆತು ಬಂದಿದ್ದೆ, ಅದನ್ನು ತರಲು ಹೇಳದೆ ಹಿಂದೆ ಓಡಿದ್ದನಂತೆ. ‘ಕತ್ತಲಾಯ್ತು, ಅದ್ಕೆ ಇಲ್ಲೇ ಕೂತೆ, ನೀವು ಬರ್ತೀರಿ ಅಂತ ಗೊತ್ತಿತ್ತು’ ಅಂದ. ಕೂಸೇ, ನನಗೆ ಅವತ್ತು ಗೊತ್ತಿರಲಿಲ್ಲ. ಆ ಹುಡುಗಿ ಕೇಳದೇ ಇದ್ದಿದ್ದರೆ ನಾನು ಶಿರಸಿ ಮುಟ್ಟುವ ತನಕ ನೆಮ್ಮದಿಯಾಗಿ ಕೂತಿರುತ್ತಿದ್ದೆ.

ಅದಕ್ಕೇ ನಿನ್ನ ಕನಸು ಓದಿ ನನಗೆ ಬೇರೆಯೇ ಅನ್ನಿಸಿತು. 21 ಬಂದರೆ ನೀನು ಹುಡುಕುತ್ತೀಯ. 22 ಬಂದಾಗಲೇ ನನಗೆ ಭಯ. ತಲೆ ಎಣಿಸಬೇಡ, ಹೆಸರು ಕೂಗು, ಮುಖ ನೋಡು, ಅವರ ಬಾಯಿಂದಲೇ ಉತ್ತರ ಬರಲಿ. ಒಂಬತ್ತನೇ ಕ್ಲಾಸಿನವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ಇಬ್ಬಿಬ್ಬರ ಜೋಡಿಯನ್ನೂ ಮಾಡಿಬಿಡು, ನನ್ನನ್ನು ಉಳಿಸಿದ್ದು ಪಕ್ಕದ ಸೀಟಿನ ಹುಡುಗಿಯೇ ಅಲ್ವಾ.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಹುಡುಗನ ಮನೆಗೆ ಹೇಳುವುದು ಬೇಡ ಅಂತ ಮೇಲಿನವರು ಅಂದರು, ನಾನೂ ಸುಮ್ಮನಾದೆ. ಮುಂದಿನ ಮಾರಿಜಾತ್ರೆಯಲ್ಲಿ ಅವನ ತಾಯಿ ಸಿಕ್ಕಿ, ‘ನಿಮ್ಮ ಜೊತೆ ಆದ್ರೆ ಎಲ್ಲಿಗೆ ಬೇಕಾದ್ರೂ ಕಳಿಸ್ತೇನೆ’ ಅಂತ ಕೈ ಹಿಡಿದುಕೊಂಡರು. ನಾನು ಬಳೆ ಅಂಗಡಿಯ ಕಡೆ ನೋಡುತ್ತಾ ನಿಂತೆ. ನಿನ್ನ ಮಕ್ಕಳಲ್ಲಿ ಯಾರಾದರೂ ಹತ್ತು ನಿಮಿಷ ಕಾಣೆಯಾದರೂ ಅವರ ಅಪ್ಪ ಅಮ್ಮನಿಗೆ ನೀನೇ ಹೇಳು, ಬೇರೆಯವರ ಬಾಯಿಂದ ಹೋಗುವುದು ಬೇಡ.

ಇನ್ನೊಂದು ವಿಷಯ, ಬರೆಯಲು ಕಷ್ಟ. ಯಾಣದ ನಂತರ ರಿಟೈರ್ ಆಗುವ ತನಕ ನಾನು ಒಂದು ಪ್ರವಾಸಕ್ಕೂ ಮಕ್ಕಳನ್ನು ಕರೆದುಕೊಂಡು ಹೋಗಲಿಲ್ಲ. ಪ್ರತಿ ವರ್ಷ ಒಂದು ನೆಪ. ಬೆನ್ನು ನೋವು, ಮನೆಯಲ್ಲಿ ಕಾರ್ಯ, ಪರೀಕ್ಷೆ. ಸಣ್ಣ ಶಾಲೆ, ನಾನು ಬೇಡ ಅಂದರೆ ಪ್ರವಾಸವೇ ಇಲ್ಲ. ಘಟ್ಟ ಇಳಿದರೆ ಕುಮಟೆ, ಸುಮಾರು 60 ಕಿಲೋಮೀಟರು, ಅಷ್ಟೇ. ಅಷ್ಟು ಹತ್ತಿರದ ಸಮುದ್ರ ನೋಡದೆ ಏಳನೇ ಕ್ಲಾಸು ಮುಗಿಸಿ ಹೋದ ಮಕ್ಕಳಿದ್ದಾರೆ. ಒಬ್ಬಳು ಮೊನ್ನೆ ಪೇಟೆಯಲ್ಲಿ ಸಿಕ್ಕಿದಳು, ಮದುವೆಯಾದ ಮೇಲೆಯೇ ಮೊದಲ ಸಲ ಸಮುದ್ರ ನೋಡಿದೆ ಟೀಚರ್ ಅಂದಳು. ನಗುತ್ತಲೇ ಹೇಳಿದಳು. ನನ್ನ ಹೆದರಿಕೆಗೆ ಅವಳು ಅಷ್ಟು ವರ್ಷ ಕಾಯಬೇಕಾಯಿತು. ಬೇರೆಯವರನ್ನು ಕಳಿಸಿ ಅಂತ ನೀನು ಹೇಳಬೇಡ.

ಸಿಂಗಾಪುರದ ಬಗ್ಗೆ ನಾನೇನು ಹೇಳಲಿ, 2017ರಲ್ಲಿ ಮಗನ ಜೊತೆ ಒಂದು ವಾರ ಇದ್ದವಳು. ಆದರೂ ಒಂದೆರಡು ಬರೆಯುತ್ತೇನೆ, ಗೊತ್ತಿದ್ದರೆ ಬಿಟ್ಟುಬಿಡು. ಅಲ್ಲಿಯ ಎಂಆರ್‌ಟಿ ರೈಲಿನ ಬಾಗಿಲು ಯಾರಿಗೂ ಕಾಯುವುದಿಲ್ಲ, ಬೀಪ್ ಅಂದ ಮೇಲೆ ಮುಚ್ಚಿಯೇ ಬಿಡುತ್ತದೆ, ನಾನೇ ಒಮ್ಮೆ ಹೊರಗೆ ಉಳಿದು ಒಳಗಿದ್ದ ಮಗನನ್ನು ಗಾಜಿನಲ್ಲಿ ನೋಡಿದ್ದೇನೆ. ಹೊರಗೆ ಉಳಿದವರು ಅಲ್ಲೇ ನಿಲ್ಲಬೇಕು, ಒಳಗೆ ಹೋದವರು ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲಿಂದ ಕದಲಬಾರದು ಅಂತ ಹೊರಡುವ ಮೊದಲೇ ಹೇಳಿಕೊಡು. ನೀವು ಮೂವರು ಟೀಚರುಗಳಲ್ಲಿ ಒಬ್ಬರು ಮೊದಲು ಹತ್ತಿ, ಒಬ್ಬರು ಕೊನೆಗೆ. ಧೋಬಿ ಘಾಟ್ ಅಂತ ಒಂದು ನಿಲ್ದಾಣ ಇದೆ, ಮೂರು ದಾರಿ ಕೂಡುತ್ತವೆ, ಅಲ್ಲಿ ಮಾತ್ರ ಕೈ ಕೈ ಹಿಡಿಸು. ಹೋಟೆಲಿನ ಹೆಸರು, ನಿನ್ನ ನಂಬರು, ಪೊಲೀಸಿನ 999, ಆಂಬುಲೆನ್ಸಿನ 995 ಇಷ್ಟನ್ನು ಕಾಗದದಲ್ಲಿ ಬರೆದು ಜೇಬಿಗೆ ಹಾಕು, ಮೊಬೈಲ್ ಚಾರ್ಜ್ ಯಾವಾಗ ಮುಗಿಯುತ್ತದೋ. ಅಲ್ಲಿ ನಮಗಿಂತ ಎರಡೂವರೆ ಗಂಟೆ ಮುಂದೆ, ಇಲ್ಲಿಂದ ರಾತ್ರಿ ಹತ್ತಕ್ಕೆ ಫೋನ್ ಮಾಡಿದ ತಾಯಂದಿರಿಗೆ ನೀನು ಹನ್ನೆರಡೂವರೆಗೆ ಎದ್ದು ಉತ್ತರ ಕೊಡಬೇಕಾಗುತ್ತದೆ. ಸಂಜೆಯೇ ಒಂದು ಮೆಸೇಜ್ ಹಾಕಿಬಿಡು.

ಸೆಂಟೋಸಾದ ಬೀಚಿಗೆ ಹೋಗುತ್ತೀರಿ ಅಂತ ಬರೆದಿದ್ದೀಯ. ನೀರು ಅಲ್ಲಿ ನಮ್ಮ ಸಮುದ್ರದಷ್ಟು ಅಬ್ಬರಿಸುವುದಿಲ್ಲ, ಕಾರವಾರದ ಮಕ್ಕಳಿಗೆ ಕೆರೆಯ ಹಾಗೆ ಕಾಣುತ್ತದೆ, ನಮಗೆ ಈಜು ಬರುತ್ತದೆ ಮಿಸ್ ಅನ್ನುತ್ತಾರೆ. ಒಪ್ಪಬೇಡ. ಮರಳಿನ ಮೇಲೆ ಆಡಲಿ, ನೀರಿಗೆ ಬೇಡ. ಇದೊಂದರಲ್ಲಿ ಮಾತ್ರ ನಾನು ಹಠ ಮಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಕನಸು ಮತ್ತೆ ಬಂದರೆ ಎದ್ದು ದೀಪ ಹಾಕಿ ಆ ಹೆಸರುಗಳನ್ನು ಒಂದೊಂದಾಗಿ ಓದಿ ನೋಡು. ನನಗೂ ಆ ಪಟ್ಟಿ ಕಳಿಸು, ಬರೀ ಹೆಸರು ಸಾಕು. ನೀವು ವಾಪಸು ಬರುವ ತನಕ ದೇವರ ಮುಂದೆ ಇಟ್ಟುಕೊಳ್ಳುತ್ತೇನೆ, ಸಂಜೆ ಓದುತ್ತೇನೆ. ನಿನ್ನ ಮಾವ ಶನಿವಾರ ಕಾರವಾರಕ್ಕೆ ಬರುತ್ತಾರೆ, ಅವರ ಕೈಯಲ್ಲಿ ನಮ್ಮ ತೆಳ್ಳಗಿನ ಸಿಹಿ ತೊಡೆದೇವು ಕಳಿಸುತ್ತೇನೆ. ಮಕ್ಕಳಿಗೂ ಆಗುವಷ್ಟು ಮಾಡಿದ್ದೇನೆ. ಬೇಗ ಮುರಿಯುತ್ತದೆ, ಡಬ್ಬವನ್ನು ಕೈಚೀಲದಲ್ಲೇ ಇಡು.

ನಿನ್ನ ಅತ್ತೆ