ಪರಮ ಪ್ರಸಾದದ ನಿಯಮ ಮೊದಲೇ ತಿಳಿಸಿ

ಮಾನ್ಯರೇ,

ಬೇರೆ ಸಭೆಯ (ಪಂಗಡದ) ಕ್ರೈಸ್ತರಿಗೆ ಕಥೋಲಿಕ ಪೂಜೆಯಲ್ಲಿ ಪರಮ ಪ್ರಸಾದ, ಅಂದರೆ ಯೇಸುವಿನ ಶರೀರವೆಂದು ನಂಬಿ ಸ್ವೀಕರಿಸುವ ರೊಟ್ಟಿ, ಕೊಡುವುದೇ ಇಲ್ಲ ಎಂದು ತುಂಬಾ ಜನ ತಿಳಿದಿದ್ದಾರೆ. ಅದು ಪೂರ್ತಿ ನಿಜವಲ್ಲ. 1983ರ ಕಥೋಲಿಕ ಧರ್ಮಸಭೆಯ ಕಾನೂನಿನ 844ನೇ ವಿಧಿ ಪ್ರಕಾರ, ಆರ್ಥೊಡಾಕ್ಸ್ ಸಭೆಯವರು ತಾವಾಗಿಯೇ ಕೇಳಿದರೆ, ತಕ್ಕ ಸಿದ್ಧತೆಯಿದ್ದರೆ ಕೊಡಬಹುದು. ಪ್ರಾಟೆಸ್ಟೆಂಟರಿಗೆ ಸಾವಿನ ಅಪಾಯದಂಥ ತೀರಾ ಕಷ್ಟದ ಹೊತ್ತಿನಲ್ಲಿ, ಅವರ ಪಾದ್ರಿ ಸಿಗದಿದ್ದಾಗ, ಈ ಪ್ರಸಾದದ ಬಗ್ಗೆ ಕಥೋಲಿಕರ ನಂಬಿಕೆಯೇ ಅವರಿಗೂ ಇದ್ದು ತಾವಾಗಿ ಕೇಳಿದರೆ ಕೊಡಬಹುದು. ಇಷ್ಟು ಕಟ್ಟುನಿಟ್ಟು ಏಕೆಂದರೆ, ಒಂದೇ ಪ್ರಸಾದ ಅಂದರೆ ಒಂದೇ ನಂಬಿಕೆ, ಒಂದೇ ಸಭೆ. ಅದನ್ನು ನಾನೂ ಒಪ್ಪುತ್ತೇನೆ. ಆದರೂ ಕಥೋಲಿಕ ಹೆಂಡತಿ ಪ್ರಸಾದದ ಸಾಲಿನಲ್ಲಿ ಮುಂದೆ ಹೋದಾಗ ಬೆಂಚಿನಲ್ಲೇ ತಲೆ ತಗ್ಗಿಸಿ ಕೂತ ಬೇರೆ ಸಭೆಯ ಗಂಡನನ್ನು ನೋಡಿದರೆ ನೋವಾಗುತ್ತದೆ, ಅಲ್ವಾ? ಮದುವೆ, ಸಾವಿನ ಪೂಜೆಗಳಲ್ಲಿ ಗುರುಗಳು ಈ ನಿಯಮವನ್ನು ಎರಡು ಮಾತಿನಲ್ಲಿ ಪ್ರೀತಿಯಿಂದ ಮೊದಲೇ ತಿಳಿಸಲಿ.

– ಒಬ್ಬ ಓದುಗ